ಕಲಬುರಗಿ ಸೀಮೆಯಿಂದ ಇತಿಹಾಸದಲ್ಲಿ ಪಿಎಚ್.ಡಿ.: ಆಕರದ ಹುಡುಕಾಟದಿಂದ ಮೌಖಿಕ ಪರೀಕ್ಷೆಯವರೆಗೆ

ಪ್ರತಿ ವರ್ಷ ಎಂ.ಎ. ಫಲಿತಾಂಶ ಹೊರಬಿದ್ದ ಮೇಲೆ ಕೆಲವು ವಿದ್ಯಾರ್ಥಿಗಳು ನನ್ನಲ್ಲಿಗೆ ಬರುತ್ತಾರೆ. 'ಸರ್, ಪಿಎಚ್.ಡಿ.ಗೆ ಯಾವ ಟಾಪಿಕ್ ತಗೋಬೇಕ್ರಿ?' ಎಂಬುದು ಅವರ ಮೊದಲ ಪ್ರಶ್ನೆ; 'ಗೈಡ್ ಯಾರು ಸಿಗ್ತಾರ್ರಿ?' ಎಂಬುದು ಎರಡನೆಯದು. ಎರಡಕ್ಕೂ ನಾನು ಮರುಪ್ರಶ್ನೆಯನ್ನೇ ಹಾಕುತ್ತೇನೆ: ನಿಮಗೆ ಯಾವ ಯಾವ ಲಿಪಿ ಓದಲು ಬರುತ್ತದೆ? ಬಹಳ ಜನ ಈ ಪ್ರಶ್ನೆಯಿಂದ ಗಲಿಬಿಲಿಗೊಳ್ಳುತ್ತಾರೆ. ಆದರೆ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಇತಿಹಾಸವನ್ನು ಅಭ್ಯಾಸ ಮಾಡಬೇಕೆನ್ನುವವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ. ಅಶೋಕನ ಬ್ರಾಹ್ಮಿ, ರಾಷ್ಟ್ರಕೂಟ ಮತ್ತು ಕಲ್ಯಾಣದ ಚಾಲುಕ್ಯರ ಹಳಗನ್ನಡ, ಬಹಮನಿಗಳ ಫಾರಸಿ, ದೇಶಪಾಂಡೆ ಮನೆತನಗಳ ಮೋಡಿ (ಮರಾಠಿಯ ಹಳೆಯ ಕೂಡುಬರಹದ ಲಿಪಿ), ನಿಜಾಮರ ಕಚೇರಿಯ ಉರ್ದು, ಇಷ್ಟೂ ಒಂದೇ ಸೀಮೆಯಲ್ಲಿ ಪದರಪದರವಾಗಿ ಕುಳಿತಿವೆ. ಯಾವ ಪದರವನ್ನು ನೀವು ಸ್ವತಃ ಓದಬಲ್ಲಿರಿ ಅಥವಾ ಎರಡು ವರ್ಷದೊಳಗೆ ಓದಲು ಕಲಿಯಬಲ್ಲಿರಿ ಎಂಬುದೇ ನಿಮ್ಮ ವಿಷಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಆಕರದಿಂದ ಪ್ರಶ್ನೆ, ಪ್ರಶ್ನೆಯಿಂದ ಶೀರ್ಷಿಕೆ, ಆಮೇಲೆ ಮಾರ್ಗದರ್ಶಕರು: ನಾನು ಹೇಳುವ ಕ್ರಮ ಇದು. ನಮ್ಮಲ್ಲಿ ನಡೆಯುವುದು ಸಾಮಾನ್ಯವಾಗಿ ಇದರ ತಿರುಗುಮುರುಗು.

ಹೊರಡುವ ಮುನ್ನ

ಕೆಲಸ ಸಿಗಲೆಂದು ಮಾತ್ರ ಪಿಎಚ್.ಡಿ.ಗೆ ಸೇರುವವರು ಒಂದು ಸಂಗತಿಯನ್ನು ತಿಳಿದಿರಬೇಕು. 2023ರ ಜುಲೈ ತಿಂಗಳಿನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು (ಮುಂದೆ ಯುಜಿಸಿ ಎಂದು ಬರೆಯುತ್ತೇನೆ) ಸಹಾಯಕ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ರಾಜ್ಯಮಟ್ಟದ್ದು) ಕನಿಷ್ಠ ಅರ್ಹತೆಯೆಂದು ಸ್ಪಷ್ಟಪಡಿಸಿ, ಪಿಎಚ್.ಡಿ.ಯನ್ನು ಐಚ್ಛಿಕವಾಗಿಸಿತು. ಆದ್ದರಿಂದ ಪದವಿ ಕಾಲೇಜಿನ ಹುದ್ದೆಯೊಂದೇ ಗುರಿಯಾಗಿದ್ದರೆ ಮೊದಲು ಕರ್ನಾಟಕದ ಸೆಟ್ ಆದ ಕೆ-ಸೆಟ್ ಮುಗಿಸಿಕೊಳ್ಳುವುದು ಜಾಣತನ. ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಇರುತ್ತದೆ. ಪಿಎಚ್.ಡಿ. ಎಂದರೆ ಕನಿಷ್ಠ ಮೂರು ವರ್ಷ, ನಮ್ಮ ಕಡೆಯ ವಾಸ್ತವದಲ್ಲಿ ಐದಾರು ವರ್ಷ, ಒಂದೇ ಪ್ರಶ್ನೆಯ ಜೊತೆಗಿನ ಸಂಸಾರ. ಆ ಪ್ರಶ್ನೆಯ ಬಗ್ಗೆ ಕುತೂಹಲವಿಲ್ಲದಿದ್ದರೆ ಎರಡನೆಯ ವರ್ಷದ ಹೊತ್ತಿಗೇ ಬೇಸರ ಬರುತ್ತದೆ.

ಅರ್ಹತೆ ಮತ್ತು ಪ್ರವೇಶ

ಈಗ ಜಾರಿಯಲ್ಲಿರುವುದು 2022ರ ನವೆಂಬರ್‌ನಲ್ಲಿ ಪ್ರಕಟವಾದ ಯುಜಿಸಿ ಪಿಎಚ್.ಡಿ. ನಿಯಮಾವಳಿ. ಅದರ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳಿರಬೇಕು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5ರ ರಿಯಾಯಿತಿ ಉಂಟು. ನಾಲ್ಕು ವರ್ಷದ ಪದವಿಯನ್ನು ಶೇ. 75 ಅಂಕಗಳೊಂದಿಗೆ ಮುಗಿಸಿದವರೂ ಅರ್ಜಿ ಹಾಕಬಹುದು. ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ದೊರೆಯುತ್ತದೆ. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆ ಎರಡು ವರ್ಷ ಸಿಗುತ್ತದೆ. ಹೆರಿಗೆ ಮತ್ತು ಮಗುವಿನ ಆರೈಕೆಗಾಗಿ ಒಟ್ಟು 240 ದಿನಗಳವರೆಗೆ ರಜೆ ಪಡೆಯುವ ಅವಕಾಶ ನಿಯಮದಲ್ಲೇ ಇದೆ. ಮದುವೆಯಾದ ಮೇಲೆ ಅರ್ಧಕ್ಕೆ ಬಿಟ್ಟ ನನ್ನ ಕೆಲವು ಸಹಪಾಠಿಗಳಿಗೆ ಇಂಥ ಅವಕಾಶಗಳು ಇವೆಯೆಂದು ಯಾರೂ ಹೇಳಿರಲಿಲ್ಲ.

ಪ್ರವೇಶಕ್ಕೆ ಈಗ ಎರಡು ದಾರಿಗಳಿವೆ. ಒಂದು, ಯುಜಿಸಿ ನೆಟ್. 2024ರ ಜೂನ್ ಪರೀಕ್ಷೆಯಿಂದ ನೆಟ್ ಫಲಿತಾಂಶವನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ: ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಹಾಗೂ ಸಹಾಯಕ ಪ್ರಾಧ್ಯಾಪಕ ಅರ್ಹತೆ, ಸಹಾಯಕ ಪ್ರಾಧ್ಯಾಪಕ ಅರ್ಹತೆ ಹಾಗೂ ಪಿಎಚ್.ಡಿ. ಪ್ರವೇಶ, ಪಿಎಚ್.ಡಿ. ಪ್ರವೇಶ ಮಾತ್ರ. ಕೊನೆಯ ಎರಡು ವರ್ಗದವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30ರ ತೂಕ, ಪ್ರವೇಶದ ಮಟ್ಟಿಗೆ ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಇನ್ನೊಂದು ದಾರಿ ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆ. ಇದರಲ್ಲಿ ಅರ್ಧ ಭಾಗ ಸಂಶೋಧನಾ ವಿಧಾನ, ಇನ್ನರ್ಧ ವಿಷಯಜ್ಞಾನ. ಯಾವ ವರ್ಷ ಯಾವ ದಾರಿ ತೆರೆದಿದೆ ಎಂಬುದು ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ತಿಳಿಯುತ್ತದೆ. ಇತಿಹಾಸದ ನೆಟ್ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ, ಕನ್ನಡ ಮಾಧ್ಯಮದಲ್ಲಿ ಎಂ.ಎ. ಮಾಡಿದವರು ಎಂ.ಎ. ಮೊದಲ ವರ್ಷದಿಂದಲೇ ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾ ಹೋಗಬೇಕು. 150 ಪ್ರಶ್ನೆ, 300 ಅಂಕ, ಮೂರು ತಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು.

ಎಲ್ಲಿ ಸೇರಬೇಕು ಎಂಬುದಕ್ಕೆ ನಮ್ಮ ಭಾಗದಲ್ಲಿ ಹೆಚ್ಚು ಯೋಚಿಸುವಂಥದ್ದಿಲ್ಲ. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಗಿ 1980ರಲ್ಲಿ ಸ್ವತಂತ್ರವಾದ ಗುಲಬರ್ಗಾ ವಿಶ್ವವಿದ್ಯಾಲಯ ಜ್ಞಾನಗಂಗಾ ಆವರಣದಲ್ಲಿದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ. ಕನ್ನಡದಲ್ಲಿಯೇ ಪ್ರಬಂಧ ಬರೆಯಬೇಕೆನ್ನುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ದೂರವೇನಲ್ಲ. ಅರ್ಜಿ ಹಾಕುವ ಮೊದಲೇ ಜಾತಿ-ಆದಾಯ ಪ್ರಮಾಣಪತ್ರ ಮತ್ತು ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯ ಅರ್ಹತಾ ಪ್ರಮಾಣಪತ್ರವನ್ನು ಮಾಡಿಸಿಟ್ಟುಕೊಳ್ಳಿ. ಈಗಾಗಲೇ ನೌಕರಿಯಲ್ಲಿರುವವರು ಅರೆಕಾಲಿಕವಾಗಿ ಸೇರಬಹುದು. ಆದರೆ ಸಂಶೋಧನೆಗೆ ಸಮಯ ಕೊಡಲಾಗುವುದು ಮತ್ತು ಅಗತ್ಯವಿದ್ದರೆ ಮೊದಲ ವರ್ಷದ ತರಗತಿಗಳಾದ ಕೋರ್ಸ್ ವರ್ಕ್‌ಗಾಗಿ ಕರ್ತವ್ಯದಿಂದ ಬಿಡುಗಡೆ ಮಾಡಲಾಗುವುದು ಎಂದು ಮೇಲಧಿಕಾರಿ ಕೊಡುವ ನಿರಾಕ್ಷೇಪಣಾ ಪತ್ರವಿಲ್ಲದೆ ಅರ್ಜಿ ಮುಂದೆ ಹೋಗುವುದಿಲ್ಲ.

ವಿಷಯ: 'ಒಂದು ಅಧ್ಯಯನ'ದ ಆಚೆಗೆ

'ಬೀದರ ಜಿಲ್ಲೆಯ ಸಾಂಸ್ಕೃತಿಕ ಇತಿಹಾಸ: ಒಂದು ಅಧ್ಯಯನ'. ಇಂಥ ಶೀರ್ಷಿಕೆಗಳನ್ನು ನೀವು ಗ್ರಂಥಾಲಯದ ಪ್ರಬಂಧ ವಿಭಾಗದಲ್ಲಿ ಕಪಾಟುಗಟ್ಟಲೆ ನೋಡಬಹುದು. ಇವುಗಳಲ್ಲಿ ಮೊದಲ ಅಧ್ಯಾಯ ಭೌಗೋಳಿಕ ಹಿನ್ನೆಲೆ, ಎರಡನೆಯದು ರಾಜಕೀಯ ಹಿನ್ನೆಲೆ, ಹೀಗೆ ಹಿನ್ನೆಲೆಗಳಲ್ಲಿಯೇ ನೂರು ಪುಟ ಕಳೆದು, ಮುಖ್ಯ ವಿಷಯ ಬರುವ ಹೊತ್ತಿಗೆ ಬರೆಯುವವರೂ ಓದುವವರೂ ದಣಿದಿರುತ್ತಾರೆ. ಜಿಲ್ಲೆಯ ಹೆಸರಾಗಲಿ ರಾಜವಂಶದ ಹೆಸರಾಗಲಿ ಸಂಶೋಧನೆಯ ವಿಷಯವಾಗಲಾರದು. ಒಂದು ಪ್ರಶ್ನೆ ಮಾತ್ರ ವಿಷಯವಾಗಬಲ್ಲದು.

ಬೀದರನ್ನೇ ತೆಗೆದುಕೊಳ್ಳೋಣ. ನೌಬಾದಿನ ಕರೇಜು, ಅಂದರೆ ನೆಲದೊಳಗಿನ ಸುರಂಗ ಕಾಲುವೆ, ಬಹಮನಿ ಕಾಲದ್ದೆಂದು ಎಲ್ಲರೂ ಬರೆದಿದ್ದಾರೆ. ಅದನ್ನೇ ಮತ್ತೊಮ್ಮೆ ಬರೆಯುವುದರಿಂದ ಹೊಸತೇನೂ ಹುಟ್ಟುವುದಿಲ್ಲ. ಆದರೆ 'ನಿಜಾಮರ ಕಾಲದಲ್ಲಿ ಬೀದರದ ಹಳೆಯ ನೀರಿನ ವ್ಯವಸ್ಥೆಗಳನ್ನು ಯಾರು, ಯಾರ ಖರ್ಚಿನಲ್ಲಿ ದುರಸ್ತಿ ಮಾಡಿಸುತ್ತಿದ್ದರು, ಮತ್ತು ಅವು ಯಾವಾಗ, ಏಕೆ ಕೈಬಿಟ್ಟುಹೋದವು?' ಎಂದು ಕೇಳಿದರೆ ಅದು ಪ್ರಶ್ನೆ. ಇದಕ್ಕೆ ಕಾಲದ ಮಿತಿ ಇದೆ, ಸ್ಥಳದ ಮಿತಿ ಇದೆ. ಉತ್ತರ ಹುಡುಕುವುದಕ್ಕೆ ಕಡತಗಳಿವೆ, 1914ರಲ್ಲಿ ಸ್ಥಾಪನೆಯಾಗಿ ಗುಲಾಂ ಯಜ್ದಾನಿ ಅವರ ನೇತೃತ್ವದಲ್ಲಿ ಕೆಲಸ ಮಾಡಿದ ಹೈದರಾಬಾದ್ ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಿವೆ. ಮುಖ್ಯವಾಗಿ, ಉತ್ತರ ನಿಮಗೂ ಮೊದಲೇ ಗೊತ್ತಿಲ್ಲ. ಉತ್ತರ ಮೊದಲೇ ಗೊತ್ತಿರುವ ವಿಷಯವನ್ನು ಆರಿಸಿಕೊಂಡವರು ಐದು ವರ್ಷ ಅದಕ್ಕೆ ಪುರಾವೆ ಕೂಡಿಸುವುದರಲ್ಲಿ ಕಳೆಯುತ್ತಾರೆ, ವಿರುದ್ಧವಾದ ಪುರಾವೆ ಸಿಕ್ಕಾಗ ಕಣ್ಣು ಮುಚ್ಚುತ್ತಾರೆ.

ಇದೇ ರೀತಿ ಚಿತ್ತಾಪುರ ತಾಲೂಕಿನ ನಾಗಾವಿಯ ಘಟಿಕಾಸ್ಥಾನ, ಅಂದರೆ ಹಳೆಯ ಕಾಲದ ಉನ್ನತ ವಿದ್ಯಾಕೇಂದ್ರ. ಅಲ್ಲಿನ ಹನ್ನೊಂದನೆಯ ಶತಮಾನದ ಶಾಸನದಲ್ಲಿ ಪುಸ್ತಕ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಸರಸ್ವತೀ ಭಂಡಾರಿಗರ ಉಲ್ಲೇಖವಿದೆ. 'ನಾಗಾವಿ ವಿದ್ಯಾಕೇಂದ್ರ' ಎಂದು ಹೊಗಳಿ ಬರೆದ ಲೇಖನಗಳು ಸಾಕಷ್ಟಿವೆ. ಆ ಭಂಡಾರಿಗರಿಗೆ, ಉಪಾಧ್ಯಾಯರಿಗೆ, ವಿದ್ಯಾರ್ಥಿಗಳಿಗೆ ಬಿಟ್ಟ ಭೂಮಿ ಎಷ್ಟು, ಯಾವ ಊರಿನದು, ಅದೇ ಕಾಲದ ಬೇರೆ ಘಟಿಕಾಸ್ಥಾನಗಳ ದತ್ತಿಯೊಂದಿಗೆ ಹೋಲಿಸಿದರೆ ಏನು ಕಾಣುತ್ತದೆ ಎಂದು ಕೇಳಿದರೆ ಕೃಷಿಯ ಇತಿಹಾಸವೂ ವಿದ್ಯೆಯ ಇತಿಹಾಸವೂ ಒಂದೆಡೆ ಕೂಡುತ್ತವೆ. ಸುರಪುರದ ಸಂಸ್ಥಾನ, ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ಲಿನ ಕಾರ್ಮಿಕರು, 1871ರಲ್ಲಿ ರಾಯಚೂರಿನವರೆಗೆ ಬಂದ ರೈಲು ಹಾದಿ ಸಂತೆ-ಪೇಟೆಗಳನ್ನು ಬದಲಿಸಿದ ಬಗೆ, 1949ರಲ್ಲಿ ಜಾಗೀರು ರದ್ದಾದ ಮೇಲೆ ಹಳ್ಳಿಗಳಲ್ಲಿ ಭೂಮಿ ಯಾರ ಕೈಗೆ ಹೋಯಿತೆಂಬುದು, ಇವೆಲ್ಲ ಇನ್ನೂ ಹಲವು ಪ್ರಬಂಧಗಳನ್ನು ಹೊರಬಲ್ಲ ವಿಷಯಗಳು.

'ಆಕರಗಳೆಲ್ಲ ಮುಗಿದಿವೆ' ಎಂದು ಹೇಳುವವರ ಮಾತನ್ನು ನಂಬಬೇಡಿ. ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಡು ಕುಸಿದಾಗ, ಅಷ್ಟು ಕಾಲ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಇರುವುದು ಕಂಡುಬಂದಿತು. ಪಕ್ಕದ ಕನಗನಹಳ್ಳಿಯ ಉತ್ಖನನ ಶುರುವಾದದ್ದು 1990ರ ದಶಕದಲ್ಲಿ. ಅಶೋಕನ ಹೆಸರನ್ನು ಬರೆದಿರುವ ಶಿಲ್ಪ ಅಲ್ಲಿ ಹೊರಬಂದಿತು. ನಮ್ಮ ಅಜ್ಜಂದಿರ ಕಾಲದ ವಿದ್ವಾಂಸರಿಗೆ ಇವೆರಡೂ ಗೊತ್ತಿರಲಿಲ್ಲ.

ವಿಷಯ ನಿಶ್ಚಯಿಸುವ ಮೊದಲು ಶೋಧಗಂಗಾ ಜಾಲತಾಣದಲ್ಲಿ ಆ ವಿಷಯದ ಹಿಂದಿನ ಪ್ರಬಂಧಗಳನ್ನು ಹುಡುಕಬೇಕು; ನಡೆಯುತ್ತಿರುವ ಸಂಶೋಧನೆಗಳ ಸಾರಲೇಖಗಳು (ಸಿನಾಪ್ಸಿಸ್, ಅಂದರೆ ಸಂಶೋಧನಾ ಯೋಜನೆಯ ಚಿಕ್ಕ ಬರಹ) ಶೋಧಗಂಗೋತ್ರಿಯಲ್ಲಿ ಸಿಗುತ್ತವೆ. ಹುಡುಕುವಾಗ ಊರುಗಳ ಹೆಸರನ್ನು ಎಲ್ಲಾ ರೂಪಗಳಲ್ಲಿ ಹಾಕಬೇಕು: ಕಲಬುರಗಿ, ಗುಲಬರ್ಗಾ, ಕಲಬುರ್ಗಿ, ಮಳಖೇಡ, ಮಾನ್ಯಖೇಟ, ಸುರಪುರ, ಶೋರಾಪುರ. ಒಂದು ರೂಪವನ್ನಷ್ಟೇ ಹಾಕಿ 'ಯಾರೂ ಕೆಲಸ ಮಾಡಿಲ್ಲ' ಎಂದು ಸಾರಲೇಖದಲ್ಲಿ ಬರೆದವರು ಸಂದರ್ಶನದಲ್ಲಿ ಮುಜುಗರಪಟ್ಟದ್ದನ್ನು ಕಂಡಿದ್ದೇನೆ.

ಲಿಪಿ, ಭಾಷೆ, ಕಾಲಗಣನೆ

ಇಲ್ಲಿ ನನ್ನದೇ ಒಂದು ಎಡವಟ್ಟನ್ನು ಹೇಳಿಕೊಳ್ಳಬೇಕು. ನಾನು ಉರ್ದು ಅಕ್ಷರ ಕಲಿತದ್ದು ತಡವಾಗಿ. ಅಚ್ಚಾದ ಪುಸ್ತಕ ಓದಲು ಬಂದ ಕೂಡಲೇ ಕಡತವನ್ನೂ ಓದಬಲ್ಲೆನೆಂಬ ಧೈರ್ಯ ಬಂದಿತ್ತು. ಬರಗಾಲದಲ್ಲಿ ಕಂದಾಯ ಮಾಫಿಗಾಗಿ ರೈತರು ಕೊಟ್ಟ ಅರ್ಜಿಗಳ ಒಂದು ಕಟ್ಟು ಸಿಕ್ಕಿತು. ಮೇಲ್ಗಡೆ 1339 ಎಂದು ಇಸವಿ. ಇಸ್ಲಾಮಿ ಪಂಚಾಂಗದ ಹಿಜರಿ ವರ್ಷ ಎಂದುಕೊಂಡು ಲೆಕ್ಕ ಹಾಕಿ 1920-21 ಎಂದು ಗುರುತು ಮಾಡಿಕೊಂಡೆ. ಆ ವರ್ಷದ ಮಳೆ, ಧಾರಣೆ, ಗುಳೆ ಎಲ್ಲವನ್ನೂ ಜೋಡಿಸಿ ಒಂದು ಅಧ್ಯಾಯವನ್ನೇ ಕಟ್ಟಿದೆ. ಬರೆದ ಹಾಳೆಗಳನ್ನು ನನಗೆ ಉರ್ದು ಕಲಿಸುತ್ತಿದ್ದ ನಿವೃತ್ತ ಮಾಸ್ತರರಿಗೆ ತೋರಿಸಿದಾಗ ಅವರು ಕನ್ನಡಕ ಹಣೆಗೇರಿಸಿ ಇಸವಿಯ ಪಕ್ಕದ ಚಿಕ್ಕ ಅಕ್ಷರದ ಮೇಲೆ ಬೆರಳಿಟ್ಟು, 'ಇದು ಹಿಜರಿ ಅಲ್ರಿ ಸರ್, ಫಸಲಿ ಅದ. ನೋಡ್ರಿ, ಇಲ್ಲಿ ಫೇ ಬರ್ದಾರ' ಎಂದರು. ಫಸಲಿ ಎಂದರೆ ನಿಜಾಮರ ಸರ್ಕಾರದ ಕಂದಾಯ ವರ್ಷ. ಫಸಲಿ 1339 ಎಂದರೆ 1929-30. ಒಂಬತ್ತು ವರ್ಷದ ಅಂತರ. ಅಧ್ಯಾಯ ಪೂರ್ತಿ ಹರಿದು ಹಾಕಿ ಹೊಸದಾಗಿ ಬರೆಯಲು ಐದು ತಿಂಗಳು ಬೇಕಾಯಿತು.

ಆದ್ದರಿಂದ ಈ ಲೆಕ್ಕಗಳನ್ನು ಮೊದಲ ದಿನವೇ ಮೇಜಿನ ಮುಂದೆ ಬರೆದು ಅಂಟಿಸಿಕೊಳ್ಳಿ. ಹೈದರಾಬಾದ್ ಸಂಸ್ಥಾನದ ಕಂದಾಯ ಮತ್ತು ಆಡಳಿತದ ಕಾಗದಗಳಲ್ಲಿ ಫಸಲಿ ವರ್ಷವಿದ್ದರೆ 590 ಕೂಡಿಸಬೇಕು. ಆ ವರ್ಷ ಅಕ್ಟೋಬರ್‌ನಲ್ಲಿ ಆರಂಭವಾಗುತ್ತಿದ್ದುದರಿಂದ ಮುಂದಿನ ವರ್ಷದ ತಿಂಗಳುಗಳಿಗೆ 591. ಫಸಲಿ 1357 ಎಂದರೆ 1947-48, ಅಂದರೆ ರಜಾಕಾರರ (ನಿಜಾಮರ ಪರವಾಗಿದ್ದ ಖಾಸಗಿ ಪಡೆಯವರ) ಕಾಲ. ಹಿಜರಿ ಚಾಂದ್ರಮಾನವಾಗಿರುವುದರಿಂದ ಅದಕ್ಕೆ ಒಂದೇ ಅಂಕಿಯನ್ನು ಕೂಡಿಸುವ ಉಪಾಯ ನಡೆಯುವುದಿಲ್ಲ, ಕೋಷ್ಟಕ ನೋಡಲೇಬೇಕು. ಶಕ ವರ್ಷಕ್ಕೆ 78 ಕೂಡಿಸಬೇಕು. ಆರನೆಯ ವಿಕ್ರಮಾದಿತ್ಯನ ಶಾಸನಗಳಲ್ಲಿ ಬರುವ ಚಾಲುಕ್ಯ ವಿಕ್ರಮ ವರ್ಷ 1076ರಿಂದ ಮೊದಲಾಗುತ್ತದೆ. ಹಾಗಾಗಿ 16ನೆಯ ವರ್ಷ ಎಂದಿದ್ದರೆ 1091-92.

ಉರ್ದು ಕಲಿಯಲು ನಮ್ಮ ಭಾಗದವರಿಗೆ ಇರುವಷ್ಟು ಅನುಕೂಲ ಕರ್ನಾಟಕದ ಬೇರೆಯವರಿಗೆ ಇಲ್ಲ. ಅರ್ಧ ಭಾಷೆ ಓಣಿಯಲ್ಲೇ ಕಿವಿಗೆ ಬಿದ್ದಿರುತ್ತದೆ, ಉಳಿದದ್ದು ಅಕ್ಷರಾಭ್ಯಾಸ. ಆರು ತಿಂಗಳು ದಿನಕ್ಕೊಂದು ತಾಸು ಕೂತರೆ ಅಚ್ಚಿನ ಬರಹ ಓದಬಹುದು. ಆದರೆ ಕಚೇರಿಯ ಕಾಗದಗಳ ಶಿಕಸ್ತಾ ಬರವಣಿಗೆ ಬೇರೆಯೇ ಲೋಕ: ಚುಕ್ಕೆಗಳನ್ನು ಹಾಕುವುದಿಲ್ಲ, ಅಕ್ಷರಗಳನ್ನು ಒಂದಕ್ಕೊಂದು ಎಳೆದು ಕಟ್ಟುತ್ತಾರೆ. ಅದಕ್ಕೆ ಇನ್ನೊಂದು ವರ್ಷ ಬೇಕು. ಬಹಮನಿಗಳ ಬಗ್ಗೆ ಕೆಲಸ ಮಾಡುವವರಿಗೆ ಫಾರಸಿ ಅನಿವಾರ್ಯ. ಬಹಮನಿ ಪ್ರಧಾನಿ ಮಹಮೂದ್ ಗಾವಾನನ ಪತ್ರಗಳ ಸಂಗ್ರಹವಾದ ರಿಯಾಜ್-ಉಲ್-ಇನ್ಶಾ ಮೂಲದಲ್ಲಿ ಫಾರಸಿಯೇ. ಬೀದರ, ಭಾಲ್ಕಿ, ಆಳಂದದ ಕಡೆಯ ಹಳೆಯ ಮನೆತನಗಳ ಕಾಗದಪತ್ರಗಳಿಗೆ ಮೋಡಿ ಬೇಕಾಗುತ್ತದೆ. ಶಾಸನಗಳ ಮೇಲೆ ಕೆಲಸ ಮಾಡುವವರು ಅಚ್ಚಾದ ಸಂಪುಟಗಳ ಪಾಠವನ್ನಷ್ಟೇ ನೆಚ್ಚದೆ ಕಲ್ಲಿನ ಮುಂದೆ ಹೋಗಿ ನಿಲ್ಲಬೇಕು. ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಅವಳ ಕೈಯಲ್ಲಿನ ಹಲಗೆಯ ಅಕ್ಷರಗಳನ್ನು ಓದಲು ಪ್ರಯತ್ನಿಸಿದವರು ಕಡಿಮೆ. ಹಳ್ಳಿಗಳಲ್ಲಿ ಶಾಸನದ ಕಲ್ಲಿಗೆ ಸುಣ್ಣವೋ ಎಣ್ಣೆಯೋ ಬಳಿದಿರುತ್ತಾರೆ. ಉಳಿ, ಲೋಹದ ಬ್ರಷ್ಷು ಮುಟ್ಟಿಸಲೇಬೇಡಿ. ಸಂಜೆ ಕತ್ತಲಾದ ಮೇಲೆ ಬ್ಯಾಟರಿಯನ್ನು ಕಲ್ಲಿನ ಒಂದು ಮಗ್ಗುಲಿಗೆ ಹಚ್ಚಿ ಬೆಳಕು ಓರೆಯಾಗಿ ಬೀಳುವಂತೆ ಹಿಡಿದರೆ, ಹಗಲಿನಲ್ಲಿ ಕಾಣದ ಅಕ್ಷರಗಳು ನೆರಳಿನೊಡನೆ ಎದ್ದು ಬರುತ್ತವೆ. ನಾಲ್ಕೂ ಮಗ್ಗುಲಿನಿಂದ ಒಂದೊಂದು ಫೋಟೊ ತೆಗೆದುಕೊಂಡರೆ ಮನೆಯಲ್ಲಿ ಕೂತು ಹೋಲಿಸಬಹುದು.

ಓದಲು ಬಂದ ಮಾತ್ರಕ್ಕೆ ಆಕರ ಹೇಳಿದ್ದೆಲ್ಲ ನಿಜವಾಗುವುದಿಲ್ಲ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪಿಸಿದ ಹಸನನು ಗಂಗೂ ಎಂಬ ಬ್ರಾಹ್ಮಣನ ಆಳಾಗಿದ್ದನೆಂಬ ಕಥೆ ನಮ್ಮ ಶಾಲಾ ಪಾಠಗಳವರೆಗೂ ಬಂದಿದೆ. ಅದನ್ನು ಹೇಳುವ ಇತಿಹಾಸಕಾರ ಫೆರಿಷ್ತಾ ಬರೆದದ್ದು ಘಟನೆಯಾಗಿ ಎರಡೂವರೆ ಶತಮಾನ ಕಳೆದ ಮೇಲೆ, ಬಿಜಾಪುರದ ಆಶ್ರಯದಲ್ಲಿ. 1350ರ ಹೊತ್ತಿಗೆ, ಆ ಸುಲ್ತಾನನ ಆಸ್ಥಾನದಲ್ಲಿಯೇ ಕಾವ್ಯ ಮುಗಿಸಿದ ಇಸಾಮಿಯಲ್ಲಿ ಆ ಕಥೆ ಇಲ್ಲ. ಯಾರು, ಯಾವಾಗ, ಯಾರಿಗಾಗಿ ಬರೆದರು ಎಂಬ ಮೂರು ಪ್ರಶ್ನೆಗಳನ್ನು ಪ್ರತಿಯೊಂದು ಆಕರಕ್ಕೂ ಹಾಕಬೇಕು. ಇಸಾಮಿಯೂ ತನ್ನ ಒಡೆಯನನ್ನು ಮೆಚ್ಚಿಸಲು ಬರೆದವನೇ ಎಂಬುದನ್ನೂ ಮರೆಯಬಾರದು.

ಮಾರ್ಗದರ್ಶಕರು ಮತ್ತು ಸಾರಲೇಖ

ನಿಯಮದ ಪ್ರಕಾರ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಖಾಲಿ ಸ್ಥಾನ ಯಾರಲ್ಲಿದೆ ಎಂದು ಮಾತ್ರ ವಿಚಾರಿಸುತ್ತಾ ಅಲೆಯುವ ಬದಲು, ಅವರ ಎರಡು ಲೇಖನಗಳನ್ನು ಓದಿಕೊಂಡು, ನಿಮ್ಮ ಪ್ರಶ್ನೆಯನ್ನು ಎರಡು ಪುಟದಲ್ಲಿ ಬರೆದುಕೊಂಡು ಹೋಗಿ. ಅವರಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಸಂಶೋಧನಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಕಂಡು, 'ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಕೊಡ್ತಾರ?' ಎಂದು ಕೇಳಿ. ಈ ಒಂದು ಉತ್ತರ ಅವರ ಹತ್ತು ಬಿರುದುಗಳಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ. ಗುರುಗಳ ಮೇಲೆ ಗೌರವವಿರಲಿ. ಆದರೆ ಮನೆಗೆಲಸ, ಬ್ಯಾಂಕಿನ ಕೆಲಸ ಮಾಡಿಕೊಡುವುದು ಗೌರವವಲ್ಲ, ಸಂಶೋಧನೆಯ ಭಾಗವಂತೂ ಅಲ್ಲವೇ ಅಲ್ಲ.

ಸಾರಲೇಖದಲ್ಲಿ ಪ್ರಶ್ನೆ, ಈವರೆಗೆ ಬೇರೆಯವರು ಹೇಳಿರುವುದು, ನಿಮ್ಮ ಆಕರಗಳು, ಅಧ್ಯಾಯಗಳ ಅಂದಾಜು ಇಷ್ಟು ಬಂದರೆ ಸಾಕು. ಆಕರಗಳ ಭಾಗದಲ್ಲಿ 'ಪ್ರಾಥಮಿಕ ಮತ್ತು ದ್ವಿತೀಯಕ ಆಕರಗಳನ್ನು ಬಳಸಲಾಗುವುದು' ಎಂಬ ಸಿದ್ಧವಾಕ್ಯವನ್ನು ಬಿಟ್ಟು, ಯಾವ ಪತ್ರಾಗಾರದ ಯಾವ ಇಲಾಖೆಯ ಯಾವ ವರ್ಷಗಳ ಕಡತಗಳು ಎಂದು ಬರೆಯಬೇಕು. ಹಾಗೆ ಬರೆಯಬೇಕಾದರೆ ಒಮ್ಮೆಯಾದರೂ ಅಲ್ಲಿಗೆ ಹೋಗಿ ಸೂಚಿ ನೋಡಿ ಬಂದಿರಬೇಕು.

ಮೊದಲ ವರ್ಷ ಮತ್ತು ಹಣದ ಮಾತು

ಕೋರ್ಸ್ ವರ್ಕ್ ಎಲ್ಲರಿಗೂ ಕಡ್ಡಾಯ. ಕನಿಷ್ಠ 12 ಕ್ರೆಡಿಟ್, ತೇರ್ಗಡೆಗೆ ಶೇ. 55. ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಪತ್ರಿಕೆಯೂ ಅದರಲ್ಲಿ ಇರುತ್ತದೆ. ಆಮೇಲೆ ಪ್ರತಿ ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕು. ಈ ಸಭೆಗಳನ್ನು ಸಹಿ ಹಾಕಿಸುವ ಶಾಸ್ತ್ರವಾಗಿಸದೆ, ಪ್ರತಿ ಸಲ ಹತ್ತು ಪುಟ ಹೊಸ ಬರಹವನ್ನು ಮುಂದಿಟ್ಟರೆ ಆರು ಸಭೆಗಳಲ್ಲಿ ಎರಡು ಅಧ್ಯಾಯಗಳ ಕರಡು ಆಗಿರುತ್ತದೆ.

ಜೆಆರ್‌ಎಫ್ ದೊರೆತವರಿಗೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000 ರೂಪಾಯಿ ಸಿಗುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಜೆಆರ್‌ಎಫ್ ಇಲ್ಲದವರಿಗೆ ತಿಂಗಳಿಗೆ 8,000 ರೂಪಾಯಿಯ ಶಿಷ್ಯವೇತನವಿದೆ. ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು, ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತುಗಳ ಫೆಲೋಶಿಪ್‌ಗಳಿಗೂ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ರಾಷ್ಟ್ರೀಯ ಫೆಲೋಶಿಪ್‌ಗಳಿಗೂ ಅರ್ಜಿ ಹಾಕಬೇಕು. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ 2022ರ ಕೊನೆಯಲ್ಲಿ ನಿಂತುಹೋಯಿತು. ಯಾವ ಶಿಷ್ಯವೇತನವೂ ತಿಂಗಳು ತಿಂಗಳು ಸರಿಯಾಗಿ ಕೈಸೇರುತ್ತದೆಂದು ಲೆಕ್ಕ ಹಾಕಬೇಡಿ. ಆರು ತಿಂಗಳ ಖರ್ಚನ್ನು ಬೇರೆಯಾಗಿ ಇಟ್ಟುಕೊಂಡೇ ಮನೆ ಬಾಡಿಗೆ ಮಾಡಿ.

ಪತ್ರಾಗಾರದಲ್ಲಿ, ಹಳ್ಳಿಯಲ್ಲಿ

1948ರ ಸೆಪ್ಟೆಂಬರ್ 17ರವರೆಗೆ ನಮ್ಮದು ನಿಜಾಮರ ಆಳ್ವಿಕೆ, ಆಮೇಲೂ 1956ರವರೆಗೆ ನಮ್ಮ ರಾಜಧಾನಿ ಹೈದರಾಬಾದ್. 1956ರಲ್ಲಿ ರಾಜ್ಯ ಬದಲಾಯಿತು. ಹಳೆಯ ಕಡತಗಳ ಬಹುಭಾಗ ಅಲ್ಲಿಯೇ ಉಳಿಯಿತು. ಆದ್ದರಿಂದ ನಿಜಾಮರ ಕಾಲದ ಯಾವ ವಿಷಯಕ್ಕೂ ತಾರ್ನಾಕಾದ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಹೋಗದೆ ಗತ್ಯಂತರವಿಲ್ಲ. ವಿಶ್ವವಿದ್ಯಾಲಯದ ಪರಿಚಯ ಪತ್ರ, ಗುರುತಿನ ಚೀಟಿಯ ಪ್ರತಿಗಳು, ಪೆನ್ಸಿಲ್ ಒಯ್ಯಿರಿ. ಮೊದಲ ಎರಡು ದಿನ ಕಡತ ಕೇಳದೆ ಸೂಚಿಗಳನ್ನೇ ಓದಿ. ಕಡತ ಕೈಗೆ ಬಂದ ಕ್ಷಣವೇ ಇಲಾಖೆ, ಕಟ್ಟಿನ ಸಂಖ್ಯೆ, ಕಡತದ ಸಂಖ್ಯೆ, ವರ್ಷ, ನೋಡಿದ ದಿನಾಂಕ ಇಷ್ಟನ್ನು ಬರೆದುಕೊಳ್ಳದೆ ಒಳಗಿನ ಒಂದು ಸಾಲನ್ನೂ ಓದಬಾರದು. ಮೂರು ವರ್ಷದ ಮೇಲೆ ಒಂದು ಅಡಿಟಿಪ್ಪಣಿಗಾಗಿ ಮತ್ತೆ ಸಿಕಂದರಾಬಾದಿನ ರೈಲು ಹತ್ತುವ ಪ್ರಸಂಗ ಹೀಗೆಯೇ ಬರುತ್ತದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಸಾಕಷ್ಟು ಕಡತಗಳನ್ನು ಈಗ ಅಭಿಲೇಖ ಪಟಲ ಎಂಬ ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು.

ಹಳ್ಳಿಯ ಮಟ್ಟದ ಭೂಮಿಯ ಇತಿಹಾಸಕ್ಕೆ ತಹಶೀಲ್ ಕಚೇರಿಯ ದಾಖಲೆ ಕೋಣೆಯೇ ಪತ್ರಾಗಾರ. ಸೇತ್ವಾರ್, ಖಾಸ್ರಾ ಪಹಣಿ ಮುಂತಾದ ಭೂದಾಖಲೆಗಳ ಹೆಸರುಗಳನ್ನು ಮೊದಲೇ ತಿಳಿದುಕೊಂಡು ಹೋಗಬೇಕು. 'ಹಳೇ ದಾಖಲೆ ಕೊಡ್ರಿ' ಎಂದು ಕೇಳಿದರೆ ಯಾರೂ ಎದ್ದು ಹುಡುಕುವುದಿಲ್ಲ.

1948ರ ಆಸುಪಾಸಿನ ವಿಷಯ ಆರಿಸಿಕೊಂಡವರು ತಡಮಾಡುವಂತಿಲ್ಲ, ಏಕೆಂದರೆ ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ಸಮೀಪಿಸುತ್ತಿದೆ. ಮೌಖಿಕ ಇತಿಹಾಸ ಎಂದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುವುದಷ್ಟೇ ಅಲ್ಲ. ಹೇಳುವವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಹೆಸರು ಹಾಕಬಾರದೆಂದರೆ ಹಾಕಬಾರದು. ರಜಾಕಾರರ ದಾಳಿಗೆ ಮನೆ ಕಳೆದುಕೊಂಡವರ ಬಳಿ ಹೋದಂತೆಯೇ, ಪೊಲೀಸ್ ಕಾರ್ಯಾಚರಣೆಯ (ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೈನಿಕ ಕ್ರಮದ) ನಂತರದ ಹಿಂಸೆಯಲ್ಲಿ ಮನೆಯವರನ್ನು ಕಳೆದುಕೊಂಡ ಮುಸ್ಲಿಂ ಕುಟುಂಬಗಳ ಬಳಿಗೂ ಹೋಗಬೇಕು. ಆ ಹಿಂಸೆಯ ವಿಚಾರಣೆಗೆ ಕೇಂದ್ರ ಸರ್ಕಾರ ಕಳುಹಿಸಿದ್ದ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಗೊಳಗಾದವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ ಎರಡೂ ಸೇರಿವೆ. ಒಂದೇ ಓಣಿಯ ನೆನಪು ಹಿಡಿದು ಬರೆದ ಪ್ರಬಂಧ ಇನ್ನೊಂದು ಓಣಿಯಲ್ಲಿ ಒಂದು ಪ್ರಶ್ನೆಗೂ ನಿಲ್ಲುವುದಿಲ್ಲ. ಜನ ಹೇಳುವ ವರ್ಷಗಳನ್ನೂ ಹಾಗೆಯೇ ಸ್ವೀಕರಿಸದೆ, 'ಅವಾಗ ನಿಮ್ಮ ಅಕ್ಕನ ಮದುವಿ ಆಗಿತ್ತಾ? ಜೋಳದ ರಾಶಿ ಆಗಿತ್ತಾ?' ಎಂದು ಕೇಳಿದರೆ ತಿಂಗಳುಗಳೇ ತಿಳಿಯುತ್ತವೆ.

ಬರವಣಿಗೆ

ಎಲ್ಲ ಆಕರ ಕೂಡಿದ ಮೇಲೆ ಬರೆಯುತ್ತೇನೆಂದು ಕಾಯುವವರು ಬರೆಯುವುದೇ ಇಲ್ಲ. ಎರಡನೆಯ ವರ್ಷದಲ್ಲಿ, ಹೆಚ್ಚು ಆಕರ ಸಿಕ್ಕಿರುವ ಮಧ್ಯದ ಅಧ್ಯಾಯದಿಂದ ಆರಂಭಿಸಿ. ಪ್ರಸ್ತಾವನೆಯನ್ನು ಕೊನೆಗೆ ಬರೆಯಿರಿ. 1966ರ ಗುಲಬರ್ಗಾ ಮತ್ತು 1977ರ ಬೀದರ ಜಿಲ್ಲಾ ಗ್ಯಾಸೆಟಿಯರ್‌ಗಳಿಂದ ಹವಾಮಾನ, ನದಿ, ಮಣ್ಣುಗಳ ವಿವರವನ್ನು ನಕಲು ಮಾಡಿ ಒಂದು ಅಧ್ಯಾಯ ತುಂಬಿಸುವ ರೂಢಿ ಇದೆ. ನಿಮ್ಮ ವಾದಕ್ಕೆ ಕಾಗಿಣಾ ನದಿ ಬೇಕಿಲ್ಲದಿದ್ದರೆ ಅದನ್ನು ಅದರ ಪಾಡಿಗೆ ಹರಿಯಲು ಬಿಡಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ತಾಂತ್ರಿಕ ಎಚ್ಚರಿಕೆ. ವಿಶ್ವವಿದ್ಯಾಲಯದ ಸುತ್ತಲಿನ ಡಿಟಿಪಿ ಅಂಗಡಿಗಳಲ್ಲಿ ಈಗಲೂ ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿ ಕೊಡುತ್ತಾರೆ. ಅದು ಯೂನಿಕೋಡ್ ಅಲ್ಲ. ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಬದಲು ಚಿಹ್ನೆಗಳ ರಾಶಿ ಕಾಣುತ್ತದೆ. ಪ್ರಬಂಧವನ್ನು ಜಾಲತಾಣಕ್ಕೆ ಏರಿಸಿದ ಮೇಲೆ ಯಾರೂ ಅದರಲ್ಲಿ ಒಂದು ಪದವನ್ನೂ ಹುಡುಕಲಾರರು. ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ, ಸಾಧ್ಯವಾದರೆ ನೀವೇ, ಟೈಪು ಮಾಡಿ.

ಕೃತಿಚೌರ್ಯದ ವಿಚಾರದಲ್ಲಿ 2018ರ ನಿಯಮ ಕಟ್ಟುನಿಟ್ಟಾಗಿದೆ. ಹೋಲಿಕೆ ಶೇ. 10ರೊಳಗಿದ್ದರೆ ತೊಂದರೆಯಿಲ್ಲ, ಶೇ. 40ರವರೆಗೆ ಹೋದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ಶೇ. 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಕನ್ನಡ ಬರಹವನ್ನು ಯಂತ್ರ ಹಿಡಿಯುವುದಿಲ್ಲವೆಂದು ಕೆಲವರು ಧೈರ್ಯ ಹೇಳುತ್ತಾರೆ. ಪರೀಕ್ಷಕರು ಹಿಡಿಯುತ್ತಾರೆ, ಏಕೆಂದರೆ ನೀವು ನಕಲು ಮಾಡಿದ ಪುಸ್ತಕವನ್ನು ಬರೆದವರೇ ಅನೇಕ ಸಲ ಪರೀಕ್ಷಕರಾಗಿ ಬರುತ್ತಾರೆ.

ಸಲ್ಲಿಕೆ ಮತ್ತು ಮೌಖಿಕ ಪರೀಕ್ಷೆ

ಸಲ್ಲಿಕೆಗೆ ಮೊದಲು ವಿಭಾಗದಲ್ಲಿ ಎಲ್ಲರ ಮುಂದೆ ಪ್ರಬಂಧವನ್ನು ಮಂಡಿಸಬೇಕು. ಅಲ್ಲಿ ಬಂದ ಆಕ್ಷೇಪಣೆಗಳನ್ನು ಬರೆದುಕೊಂಡು, ಪ್ರತಿಯೊಂದಕ್ಕೂ ಎಲ್ಲಿ ತಿದ್ದಿದ್ದೇನೆ ಎಂದು ಪುಟಸಂಖ್ಯೆ ಸಹಿತ ಗುರುತಿಸಿಟ್ಟುಕೊಳ್ಳಿ. ಪ್ರಕಟಿತ ಲೇಖನಗಳನ್ನು 2022ರ ನಿಯಮ ಕಡ್ಡಾಯ ಮಾಡಿಲ್ಲವಾದರೂ ವಿಶ್ವವಿದ್ಯಾಲಯದ ಸ್ವಂತ ನಿಯಮ ಕೇಳಬಹುದು. ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಮಾಡುವ ನಿಯತಕಾಲಿಕಗಳ ಹತ್ತಿರ ಮಾತ್ರ ಸುಳಿಯಬೇಡಿ.

ಮಾರ್ಗದರ್ಶಕರ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಪ್ರಬಂಧವನ್ನು ಓದುತ್ತಾರೆ. ಒಬ್ಬರು ಒಪ್ಪದಿದ್ದರೆ ಮತ್ತೊಬ್ಬರಿಗೆ ಕಳುಹಿಸುತ್ತಾರೆ. ಮೌಲ್ಯಮಾಪನವೂ ಮೌಖಿಕ ಪರೀಕ್ಷೆಯೂ ಸೇರಿ ಆರು ತಿಂಗಳೊಳಗೆ ಮುಗಿಯಬೇಕೆಂಬುದು ನಿಯಮ. ಆ ಅವಧಿಯಲ್ಲಿ ಸುಮ್ಮನೆ ಕೂರದೆ, ಪ್ರತಿ ಹದಿನೈದು ದಿನಕ್ಕೊಮ್ಮೆ ಪರೀಕ್ಷಾ ವಿಭಾಗಕ್ಕೆ ಹೋಗಿ ಕಡತ ಯಾವ ಮೇಜಿನಲ್ಲಿದೆ ಎಂದು ವಿನಯದಿಂದ ವಿಚಾರಿಸಿ ಬರುವುದು ಒಳ್ಳೆಯದು.

ಮೌಖಿಕ ಪರೀಕ್ಷೆ ಬಹಿರಂಗವಾಗಿ ನಡೆಯುತ್ತದೆ. ಪರೀಕ್ಷಕರ ವರದಿಯಲ್ಲಿನ ಪ್ರಶ್ನೆಗಳಿಗೆ ಬರೆದು ಉತ್ತರ ಸಿದ್ಧಪಡಿಸಿಕೊಳ್ಳಿ. ಮುಖ್ಯ ಕಡತಗಳ, ಶಾಸನಗಳ ಫೋಟೊಗಳನ್ನು ಕೈಯಲ್ಲಿಟ್ಟುಕೊಳ್ಳಿ. ನನ್ನ ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಆ 1339ನೆಯ ಇಸವಿಯ ಬಗ್ಗೆಯೇ ಬಂದಿತು: 'ಇದು ಹಿಜರಿ ಏಕಾಗಬಾರದು?' ಎಂದು ಪರೀಕ್ಷಕರು ಕೇಳಿದರು. ನಾನು ಕಡತದ ಚಿತ್ರವನ್ನು ಅವರ ಮುಂದಿಟ್ಟು, ಇಸವಿಯ ಪಕ್ಕದ ಚಿಕ್ಕ ಫೇ ಅಕ್ಷರದ ಮೇಲೆ ಬೆರಳಿಟ್ಟೆ.

ಪರೀಕ್ಷೆ ಮುಗಿದ ಮೇಲೆ ತಿದ್ದುಪಡಿಗಳನ್ನು ಮಾಡಿ, ಶೋಧಗಂಗಾಕ್ಕೆ ಏರಿಸಲು ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕು. ಘಟಿಕೋತ್ಸವಕ್ಕೆ ಮೊದಲು ತಾತ್ಕಾಲಿಕ ಪದವಿ ಪ್ರಮಾಣಪತ್ರ ಕೊಡುತ್ತಾರೆ. ಯುಜಿಸಿಯ 2022ರ ನಿಯಮಾವಳಿಗೆ ಅನುಗುಣವಾಗಿ ಪದವಿ ನೀಡಲಾಗಿದೆ ಎಂಬ ಒಕ್ಕಣೆ ಅದರಲ್ಲಿ ಇದೆಯೇ, ನಿಮ್ಮ ಹೆಸರಿನ ಕಾಗುಣಿತ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿದ್ದಂತೆಯೇ ಇದೆಯೇ ಎಂದು ಅದೇ ಕಿಟಕಿಯ ಮುಂದೆ ನಿಂತು ಓದಿ ನೋಡಿಕೊಂಡು, ಆಮೇಲೆ ಸಹಿ ಮಾಡಿ.